‘ಕೋತೆಲ್ ಕತಾನ್’: ಚಿಕ್ಕ ಗೋಡೆಯೋ, ಚಿಕ್ಕ ಕೋತೆಲೋ?

ಎಲ್ಲರಿಗೂ ನಮಸ್ಕಾರ.

ಜೆರುಸಲೇಮಿನ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರ್ತಾ ಇದ್ದೇನೆ. ‘ಹಕೋತೆಲ್ ಹಕತಾನ್’ ಅನ್ನೋ ಹೆಸರಿನ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಹೀಬ್ರೂನಲ್ಲಿ ಕೋತೆಲ್ ಅಂದ್ರೆ ಗೋಡೆ, ಕತಾನ್ ಅಂದ್ರೆ ಚಿಕ್ಕದು; ಮುಂದಿರುವ ‘ಹ’ ಇಂಗ್ಲಿಷಿನ ‘ದ’ (the) ಇದ್ದ ಹಾಗೆ. ಹಾಗಂತ ‘ಚಿಕ್ಕ ಗೋಡೆ’ ಎಂದು ಬರೆದರೆ ಓದುವವರ ಕಣ್ಣಿಗೆ ಮೋಟುಗೋಡೆಯೊಂದು ಬರುತ್ತದೆ. ಅದು ತಪ್ಪು.

ಇದು ಬೇರೆ ಗೋಡೆಯೇ ಅಲ್ಲ. ಫೋಟೋಗಳಲ್ಲಿ ನಾವೆಲ್ಲ ನೋಡಿರುವ ಪಶ್ಚಿಮ ಗೋಡೆಯದೇ ಇನ್ನೊಂದು ತುಂಡು. ಗೋಡೆಯ ಪೂರ್ತಿ ಉದ್ದ 488 ಮೀಟರ್. ದೊಡ್ಡ ಬಯಲಿನ ಮುಂದೆ ಕಾಣುವುದು ಸುಮಾರು 57 ಮೀಟರ್ ಮಾತ್ರ. ಉಳಿದದ್ದರಲ್ಲಿ ಬಹುಪಾಲು ಮನೆಗಳ ಹಿಂದೆ, ನೆಲದ ಕೆಳಗೆ ಅಡಗಿದೆ. ಬಯಲಿನಿಂದ ಉತ್ತರಕ್ಕೆ, ಮುಸ್ಲಿಮರ ಕೇರಿಯಲ್ಲಿ, ಬಾಬ್ ಅಲ್-ಹದೀದ್ ಅಂದರೆ ಕಬ್ಬಿಣದ ಬಾಗಿಲಿನ ಹತ್ತಿರ, ಮನೆಗಳ ನಡುವಿನ ಅಂಗಳವೊಂದರಲ್ಲಿ ಅದೇ ಗೋಡೆ ಸ್ವಲ್ಪ ಹೊರಗೆ ಕಾಣುತ್ತದೆ. ಅದೇ ಈ ಕೋತೆಲ್ ಕತಾನ್. ಅಲ್ಲಿ ನೆಲ ಎಷ್ಟು ಮೇಲೆ ಬಂದಿದೆ ಎಂದರೆ, ಎರಡು ಸಾವಿರ ವರ್ಷಗಳ ಹಿಂದಿನ ದೊರೆ ಹೆರೋದನ ಕಾಲದ ಕಲ್ಲುಗಳ ಎರಡು ವರಸೆ ಮಾತ್ರ ಕಾಣುತ್ತವೆ. ಸುತ್ತ ಅಂಚು ಕೆತ್ತಿದ ದೊಡ್ಡ ಕಲ್ಲುಗಳು. ಸಂದಿಗಳಲ್ಲಿ ಮಡಚಿಟ್ಟ ಹರಕೆ ಚೀಟಿಗಳು. ಯೆಹೂದ್ಯರು ಅಲ್ಲಿಗೂ ಬಂದು ಪ್ರಾರ್ಥನೆ ಮಾಡುತ್ತಾರೆ. ಯೆಹೂದ್ಯರ ಹಳೆಯ ದೇವಾಲಯದ ಗರ್ಭಗುಡಿ ಇದ್ದ ಜಾಗಕ್ಕೆ ಇದು ಬಯಲಿಗಿಂತ ಹತ್ತಿರ ಎಂಬುದು ಅವರ ನಂಬಿಕೆ. ಹೀಗಿರುವ ಜಾಗಕ್ಕೆ ‘ಚಿಕ್ಕ’ ಅಂದರೆ ಮನಸ್ಸಿಗೆ ಒಪ್ಪುವುದಿಲ್ಲ, ಅಲ್ವಾ?

ಇನ್ನು ‘ಗೋಡೆ’ಗೆ ಏನೆನ್ನುವುದು? ಇದು ಆ ಗುಡಿಯ ಗೋಡೆ ಅಲ್ಲ. ಗುಡಿಯನ್ನು ರೋಮನ್ನರು ಕ್ರಿ.ಶ. 70ರಲ್ಲಿ ಕೆಡವಿದರು. ಇದು ಗುಡಿ ನಿಂತಿದ್ದ ದಿಬ್ಬವನ್ನು ಹಿಡಿದು ನಿಲ್ಲಿಸಿದ ಗೋಡೆ. ಕೆಲಸದ ಲೆಕ್ಕದಲ್ಲಿ ‘ತಡೆಗೋಡೆ’ ಸರಿ. ಆದರೆ ಪತ್ರಿಕೆಗಳಲ್ಲಿ ಇಸ್ರೇಲಿನ ತಡೆಗೋಡೆ ಎಂದರೆ ವೆಸ್ಟ್ ಬ್ಯಾಂಕಿನ ಗೋಡೆ. ಗುಡಿಯ ಸುತ್ತಿನ ಆವರಣಕ್ಕೆ ಕರಾವಳಿಯವರು ಹೇಳುವ ‘ಪೌಳಿ’ ನನಗೆ ತುಂಬಾ ಇಷ್ಟವಾಯಿತು. ಆದರೆ ಪೌಳಿಗೆ ಮಣ್ಣು ಹೊರುವ ಕೆಲಸವಿಲ್ಲ. ಇಂಗ್ಲಿಷಿನ ‘ವೇಲಿಂಗ್ ವಾಲ್’ನಿಂದ ಬಂದ ‘ಗೋಳಿನ ಗೋಡೆ’ಯನ್ನಂತೂ ಬಿಟ್ಟಿದ್ದೇನೆ. ಅದು ಹೊರಗಿನವರು ಇಟ್ಟ ಹೆಸರು. ಅಲ್ಲಿ ಪ್ರಾರ್ಥಿಸುವವರು ಸುಮ್ನೆ ಕೋತೆಲ್ ಅನ್ನುತ್ತಾರೆ.

ಈ ಪದ ಹೀಬ್ರೂ ಬೈಬಲಿನಲ್ಲಿ ಬರುವುದು ಒಂದೇ ಕಡೆ, ಪರಮಗೀತ ಎಂಬ ಪ್ರೇಮಗೀತೆಗಳ ಪುಸ್ತಕದ 2:9ರಲ್ಲಿ. ನಲ್ಲ ನಮ್ಮ ಗೋಡೆಯ ಹಿಂದೆ ನಿಂತಿದ್ದಾನೆ ಎನ್ನುವ ಸಾಲು. ಹಳೆಯ ವ್ಯಾಖ್ಯಾನಕಾರರು ಆ ನಲ್ಲನನ್ನು ದೇವರು ಎಂದೂ, ಆ ಗೋಡೆಯನ್ನು ದೇವಾಲಯದ ಪಶ್ಚಿಮ ಗೋಡೆ ಎಂದೂ ಓದಿದರು. ಇಷ್ಟು ಅರ್ಥ ಹೊತ್ತಿರುವ ಪದವನ್ನು ಹಾಗೇ ಉಳಿಸಿಕೊಂಡು ‘ಚಿಕ್ಕ ಕೋತೆಲ್’ ಎನ್ನೋಣವೇ ಎಂದುಕೊಂಡಿದ್ದೇನೆ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಇದ್ದ ಹಾಗೆ, ಹೆಸರಿನ ಜೊತೆ ಬಂದಾಗ ‘ಚಿಕ್ಕ’ ಅಷ್ಟು ಚುಚ್ಚುವುದಿಲ್ಲ.

ಕಾಗುಣಿತದ್ದೂ ಒಂದು ತೊಡಕಿದೆ. ‘ಕೋಟೆಲ್’ ಎಂದು ಬರೆದರೆ ಓದುವವರು ‘ಕೋಟೆ’ಗೆ ಗಂಟು ಹಾಕುತ್ತಾರೆ. ಅದಕ್ಕೇ ತಕಾರ ಹಾಕಿದ್ದೇನೆ.

ದಿಬ್ಬದ ಮಣ್ಣನ್ನು ತಡೆದು ನಿಲ್ಲಿಸುವ ಕಲ್ಲಿನ ಗೋಡೆಗೆ ನಿಮ್ಮ ಊರಿನ ಕಡೆ ಏನೆನ್ನುತ್ತಾರೆ? ಒಂದು ಪದವಾದರೂ ತಿಳಿಸಿ.