ವಿಶೇಷ ತರಗತಿ ನಡೆದರೂ ಹೈಸ್ಕೂಲ್ ಮಕ್ಕಳು ಮೇಲೇಳುತ್ತಿಲ್ಲ: ಮುಖ್ಯ ಶಿಕ್ಷಕರು ಏನು ಮಾಡಬೇಕು?

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಸೋಮವಾರಪೇಟೆ ತಾಲ್ಲೂಕು
ನಮ್ಮ ಸರ್ಕಾರಿ ಪ್ರೌಢಶಾಲೆಗೆ ಕಾಯಂ ಮುಖ್ಯ ಶಿಕ್ಷಕರಿಲ್ಲ, ಗಣಿತ ಮೇಷ್ಟ್ರೇ ಪ್ರಭಾರದಲ್ಲಿದ್ದಾರೆ. ಹತ್ತನೇ ತರಗತಿಗೆ ದಿನಾ ಸಂಜೆ ವಿಶೇಷ ತರಗತಿ ಇದೆ. ಆದರೂ ಗಣಿತ, ಇಂಗ್ಲಿಷಿನಲ್ಲಿ ಮಕ್ಕಳು ಹಿಂದೆಯೇ ಇದ್ದಾರೆ. ಮುಖ್ಯಸ್ಥರ ಯಾವ ಕೆಲಸದಿಂದ ಕಲಿಕೆ ಸುಧಾರಿಸುತ್ತದೆ? ಸಮಿತಿಯವರು ಏನು ಕೇಳಬೇಕು?

ನಿವೃತ್ತ ಮುಖ್ಯ ಶಿಕ್ಷಕಿ, ಮಡಿಕೇರಿ
ಹತ್ತನೇ ತರಗತಿ ಹಿಡಿದುಕೊಂಡು ಕೂತರೆ ತಡವಾಯಿತು ಸರ್, ಎಂಟರಿಂದ ಶುರುಮಾಡಿ. ಜೂನ್‌ನ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆ ಸರಿಪಡಿಸುವ ಪಾಠ, ನಮ್ಮ ಕೊಡಗು ಜಿಲ್ಲೆಯಲ್ಲಿ ಮಳೆ ರಜೆಗೆ ಸಿಕ್ಕಿ ಅರ್ಧಕ್ಕೇ ನಿಲ್ಲುತ್ತದೆ. ರಜೆ ಮುಗಿದ ಮೇಲೆ "ಪಾಠ ಹಿಂದೆ ಬಿದ್ದಿದೆ" ಅಂತ ನೇರ ಮೊದಲ ಅಧ್ಯಾಯಕ್ಕೆ ಹೋಗುತ್ತಾರೆ. ಅಲ್ಲಿ ತಡೆಯಬೇಕಾದವರು ಮುಖ್ಯ ಶಿಕ್ಷಕರು.

ಎರಡನೆಯದು ತರಗತಿ ವೀಕ್ಷಣೆ. ಬಾಗಿಲಲ್ಲಿ ನಿಂತು ವಹಿಗೆ ಸಹಿ ಹಾಕುವುದು ವೀಕ್ಷಣೆಯಲ್ಲ. ವಾರಕ್ಕೆ ಎರಡು ಅವಧಿಯಾದರೂ ಹಿಂದಿನ ಬೆಂಚಿನಲ್ಲಿ ಪೂರ್ತಿ ಕೂರಬೇಕು, ಅಲ್ಲಿನ ಮಕ್ಕಳ ನೋಟ್‌ಬುಕ್ ತೆರೆದು ನೋಡಬೇಕು, ಅದೇ ದಿನ ಶಿಕ್ಷಕರ ಜೊತೆ ಮಾತಾಡಬೇಕು. ಒಂದೇ ಒಂದು ಬದಲಾವಣೆ ಹೇಳಿ, ಮುಂದಿನ ಸಲ ಅದನ್ನಷ್ಟೇ ನೋಡಬೇಕು. ಹತ್ತು ದೋಷ ಒಟ್ಟಿಗೆ ಹೇಳಿದರೆ ಒಂದೂ ಸರಿಯಾಗುವುದಿಲ್ಲ, ಮನಸ್ತಾಪ ಮಾತ್ರ ಉಳಿಯುತ್ತದೆ. ಶಿಕ್ಷಣ ಸಂಶೋಧಕಿ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲೂ, ಶಾಲಾ ಮುಖ್ಯಸ್ಥರ ಐದು ಬಗೆಯ ಕೆಲಸಗಳ ಪೈಕಿ ಮಕ್ಕಳ ಕಲಿಕೆಗೆ ಅತಿ ಹೆಚ್ಚು ನೆರವಾದದ್ದು ಶಿಕ್ಷಕರ ಕಲಿಕೆಯಲ್ಲಿ ತಾವೂ ಕೂತು ಪಾಲ್ಗೊಳ್ಳುವುದು.

ಗಣಿತ ಶಿಕ್ಷಕ, ವಿರಾಜಪೇಟೆ
ಮೇಡಂ ಮಾತಿಗೆ ಒಂದು ಸೇರಿಸುತ್ತೇನೆ. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ 100ರಲ್ಲಿ 20 ಶಾಲೆಯೇ ಕೊಡುವ ಆಂತರಿಕ ಅಂಕ. ಅದು ಬಹುಪಾಲು ಮಕ್ಕಳಿಗೆ ಧಾರಾಳವಾಗಿ ಸಿಕ್ಕಿರುತ್ತದೆ, ಹಾಗಾಗಿ ಒಟ್ಟು ಅಂಕ ನೋಡಿದರೆ ಏನೂ ತಿಳಿಯದು. 80ರ ಲಿಖಿತ ಅಂಕ ಬೇರೆ ಮಾಡಿ ಕೇಳಿ.

ಆಮೇಲೆ ಪ್ರತಿ ಪರೀಕ್ಷೆಯ ನಂತರ ಮುಖ್ಯ ಶಿಕ್ಷಕರು ವಿಷಯ ಶಿಕ್ಷಕರ ಜೊತೆ ಹತ್ತು ಉತ್ತರ ಪತ್ರಿಕೆ ಹಿಡಿದು ಕೂರಲಿ. ವರ್ಗ ಸಮೀಕರಣದಲ್ಲಿ ಸೋತ ಹುಡುಗ ಸೂತ್ರ ಸರಿಯಾಗಿಯೇ ಬರೆದಿರುತ್ತಾನೆ, ಆದರೆ +24 ಆಗಬೇಕಾದ −4×1×(−6) ಅನ್ನು −24 ಮಾಡಿರುತ್ತಾನೆ. ತೊಂದರೆ ಇರುವುದು ಋಣ ಸಂಖ್ಯೆಯಲ್ಲಿ. ಸಂಜೆ ಮತ್ತೆ ಇಡೀ ಅಧ್ಯಾಯ ಓಡಿಸಿದರೆ ಆ ತಪ್ಪು ಹಾಗೇ ಉಳಿಯುತ್ತದೆ. ಆ ತಪ್ಪು ಮಾಡಿದವರನ್ನಷ್ಟೇ ಕೂರಿಸಿ ಚಿಹ್ನೆಯ ಲೆಕ್ಕ ಮಾಡಿಸಬೇಕು.

ಪ್ರೌಢಶಾಲಾ ಶಿಕ್ಷಕಿ, ಸಿದ್ದಾಪುರ ಕಡೆ
ಸಂಜೆ ತರಗತಿಗೆ ಯಾರು ಉಳಿಯುತ್ತಾರೆ ನೋಡಿದ್ದೀರಾ? ಕೊನೆಯ ಬಸ್ಸಿನ ಮಕ್ಕಳು, ಹಾಡಿಯ (ಆದಿವಾಸಿ ವಸತಿಯ) ಮಕ್ಕಳು ಉಳಿಯಲಾರರು. ಕತ್ತಲಾದರೆ ಆನೆ ಭಯ. ಯಾರಿಗೆ ಹೆಚ್ಚು ಬೇಕೋ ಅವರೇ ಹೊರಗೆ. ವೇಳಾಪಟ್ಟಿ ಮಾಡುವಾಗಲೇ ಶಾಲಾ ಸಮಯದೊಳಗೆ ಆ ಅವಧಿ ಸೇರಿಸಬೇಕು.

ಕಾಫಿ ಕೊಯ್ಲು ಶುರುವಾಗುವ ಮೊದಲೇ ಲೈನ್‌ಮನೆ (ತೋಟದ ಕಾರ್ಮಿಕರ ಸಾಲುಮನೆ) ಮಕ್ಕಳ ಪಟ್ಟಿ ಬೇರೆ ಮಾಡಿಟ್ಟುಕೊಳ್ಳಿ. ಎರಡು ದಿನ ಬರದಿದ್ದರೆ ತಂದೆತಾಯಿಗೂ ತೋಟದ ರೈಟರಿಗೂ (ಗುಮಾಸ್ತರಿಗೂ) ಫೋನ್ ಹೋಗಬೇಕು. ತಿಂಗಳ ಕೊನೆಗೆ ಹಾಜರಿ ಕೂಡಿಸುವಾಗ ಗೊತ್ತಾದರೆ ಮಗು ಆಗಲೇ ಪಾಠದಿಂದ ದೂರವಾಗಿರುತ್ತದೆ.

ಎಸ್‌ಡಿಎಂಸಿ ಸದಸ್ಯ
ಉಪಯುಕ್ತವಾಯಿತು. ಆದರೆ ನಮ್ಮ ಪ್ರಭಾರದವರಿಗೆ ತಮ್ಮ ಗಣಿತದ ಅವಧಿಗಳೇ ತುಂಬಿವೆ, ಅದರ ಮೇಲೆ ಬಿಸಿಯೂಟದ ಲೆಕ್ಕ, ಸ್ಯಾಟ್ಸ್ (ಮಕ್ಕಳ ಮಾಹಿತಿ ತುಂಬುವ ಆನ್‌ಲೈನ್ ವ್ಯವಸ್ಥೆ), ಮೀಟಿಂಗು.

ನಿವೃತ್ತ ಮುಖ್ಯ ಶಿಕ್ಷಕಿ, ಮಡಿಕೇರಿ
ಹಾಗಾದರೆ ಸಮಿತಿಯ ಮೊದಲ ಕೆಲಸ ಅದೇ. ಅವರ ಅವಧಿಗಳಲ್ಲಿ ಕೆಲವನ್ನಾದರೂ ಇಳಿಸಲು ಅತಿಥಿ ಶಿಕ್ಷಕರನ್ನು ಕೊಡಿ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರಹದಲ್ಲಿ ಕೇಳಿ. ಸ್ಯಾಟ್ಸ್ ಒಬ್ಬರಿಗೆ, ಬಿಸಿಯೂಟದ ಲೆಕ್ಕ ಇನ್ನೊಬ್ಬರಿಗೆ ಅಂತ ಸಿಬ್ಬಂದಿ ಸಭೆಯಲ್ಲಿ ಹಂಚಿ ನಡಾವಳಿಯಲ್ಲಿ ಬರೆಸಲಿ. ಬಾಯಿಮಾತಿನಲ್ಲಿ ಹಂಚಿದ ಕೆಲಸ ವಾರದೊಳಗೆ ಅವರ ಮೇಜಿಗೇ ವಾಪಸು ಬರುತ್ತದೆ. ಬಿಡುವಾದ ಅವಧಿಗಳನ್ನು ವೇಳಾಪಟ್ಟಿಯಲ್ಲೇ "ವೀಕ್ಷಣೆ" ಎಂದು ನಮೂದಿಸಿಬಿಡಿ, ಇಲ್ಲದಿದ್ದರೆ ಅವೂ ಫೈಲಿಗೇ ಹೋಗುತ್ತವೆ.