ಸೀಕ್ ಮರೆತು ಯು-ಬೂಟ್ ಬರೆದೆ, ಬೋರ್ಡ್ ಏಳುತ್ತಿಲ್ಲ: ಒಳಗಿನ ಮಾಹಿತಿ ಉಳಿದಿರಬಹುದೇ?

ಪ್ರಶ್ನೆ

ನಮಸ್ಕಾರ ಮೇಡಂ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗೆ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಚಿಕ್ಕ ಕಂಪ್ಯೂಟರ್ ಬೋರ್ಡ್ ಬಳಸುತ್ತಿದ್ದೇವೆ, 4 ಜಿಬಿ ಇಎಂಎಂಸಿ (ಬೋರ್ಡಿನಲ್ಲೇ ಇರುವ ಸಂಗ್ರಹ ಚಿಪ್) ಇರುವ ರೆವ್ ಸಿ. ನಿನ್ನೆ ಬೋರ್ಡನ್ನು ಎಬ್ಬಿಸುವ ಬೂಟ್‌ಲೋಡರ್ ಆದ ಯು-ಬೂಟ್‌ನ ಹೊಸ ಆವೃತ್ತಿ ಹಾಕಲು ಹೋಗಿ, ಬೈಟುಗಳನ್ನು ನಕಲು ಮಾಡುವ ಡಿಡಿ ಆಜ್ಞೆಯಲ್ಲಿ ಸೀಕ್ (ಎಷ್ಟು ಜಾಗ ಬಿಟ್ಟು ಬರೆಯಬೇಕೆಂಬ ಸಂಖ್ಯೆ) ಕೊಡುವುದನ್ನೇ ಮರೆತೆ. ಯು-ಬೂಟ್ ಕಡತ ಇಎಂಎಂಸಿಯ ಮೊದಲ ಬೈಟಿನಿಂದಲೇ ಬರೆದುಕೊಂಡಿತು. ಈಗ ಪವರ್ ದೀಪ ಉರಿಯುತ್ತದೆ, ಉಳಿದ ನಾಲ್ಕು ದೀಪ ಸತ್ತಂತಿವೆ. ಹೊಲದಲ್ಲಿ ನಾಲ್ಕು ತಿಂಗಳು ಅಳೆದ ಮಣ್ಣಿನ ತೇವಾಂಶದ ಲೆಕ್ಕವೆಲ್ಲ ಅದರಲ್ಲಿದೆ, ಬೇರೆಡೆ ಪ್ರತಿ ಇಲ್ಲ. ಲ್ಯಾಬಿನಲ್ಲಿ ಒಂದು ಎಸ್‌ಡಿ ಕಾರ್ಡ್ ಇದೆ, ಅದನ್ನು ಹಾಕಿ ಮತ್ತೆ ಫ್ಲ್ಯಾಶ್ ಮಾಡಿದರೆ ಬೋರ್ಡ್ ಸರಿಹೋಗುತ್ತದೆ ಎನ್ನುತ್ತಾರೆ. ಮಾಡಲೇ?

ಉತ್ತರ

ಮಾಡಬೇಡಿ. ಆ ಕಾರ್ಡನ್ನು ಬೋರ್ಡಿನ ಹತ್ತಿರಕ್ಕೂ ತರಬೇಡಿ. ಅದು ಫ್ಲ್ಯಾಶರ್ ಕಾರ್ಡ್ ಆಗಿದ್ದರೆ ಬೂಟ್ ಆದೊಡನೆ ಯಾರನ್ನೂ ಕೇಳದೆ ಇಎಂಎಂಸಿಯನ್ನು ಅಳಿಸಿ ಹೊಸದಾಗಿ ಬರೆಯುತ್ತದೆ. ಬೋರ್ಡ್ ಏಳುತ್ತದೆ, ನಿಮ್ಮ ನಾಲ್ಕು ತಿಂಗಳು ಹೋಗುತ್ತದೆ.

ಮೊದಲು ಸೀರಿಯಲ್ ಪೋರ್ಟಿನಲ್ಲಿ ಬೋರ್ಡ್ ಏನು ಹೇಳುತ್ತಿದೆ ಎಂದು ಕೇಳಿ. ಆರು ಪಿನ್ನಿನ ಜೆ1 ಹೆಡರ್‌ನಲ್ಲಿ ಬಿಳಿ ಚುಕ್ಕೆಯಿರುವ ಕಡೆ ಒಂದನೇ ಪಿನ್, ಅದು ಗ್ರೌಂಡ್. ನಾಲ್ಕನೆಯದು ಬೋರ್ಡ್ ಕೇಳಿಸಿಕೊಳ್ಳುವ ಆರ್‌ಎಕ್ಸ್, ಐದನೆಯದು ಅದು ಮಾತನಾಡುವ ಟಿಎಕ್ಸ್. ಕೇಬಲ್ 3.3 ವೋಲ್ಟಿನದೇ ಆಗಿರಬೇಕು. 5 ವೋಲ್ಟಿನದನ್ನು ಜೋಡಿಸಿದರೆ ಈಗ ಕೆಡದೆ ಉಳಿದಿರುವ ಚಿಪ್ಪೂ ಸುಡಬಹುದು. ವೇಗ 115200. ಸೀರಿಯಲ್ ನೋಡಲು ಮಿನಿಕಾಮ್ ತಂತ್ರಾಂಶ ಬಳಸುವುದಾದರೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಮಾಡಿ. ಅದು ಆನ್ ಇದ್ದರೆ ನೀವು ಒತ್ತಿದ ಕೀ ಬೋರ್ಡಿಗೆ ತಲುಪುವುದಿಲ್ಲ. ಬೋರ್ಡ್ ಸತ್ತಿದೆ ಎಂದುಕೊಂಡು ಗಂಟೆಗಟ್ಟಲೆ ಕಳೆದವರನ್ನು ನೋಡಿದ್ದೇನೆ. ಎಸ್‌ಡಿ ಕಾರ್ಡ್ ಹಾಕದೆ ಪವರ್ ಕೊಟ್ಟು, ತೆರೆಯ ಮೇಲೆ ಏನು ಬರುತ್ತದೆ ಎಂದು ತಿಳಿಸಿ.

ಮರುಪ್ರಶ್ನೆ

ಮೇಡಂ, ಇಂಗ್ಲಿಷಿನ 'ಸಿ' ಅಕ್ಷರ ಒಂದರ ಪಕ್ಕ ಒಂದು ಸಾಲಾಗಿ ಬರುತ್ತಲೇ ಇದೆ. ಬೇರೇನೂ ಇಲ್ಲ. ಎಲ್ಲ ಮುಗಿಯಿತೆಂದು ಅರ್ಥವೇ?

ಉತ್ತರ

ಇಲ್ಲ, ಇದು ಒಳ್ಳೆಯ ಸುದ್ದಿ. ಎಎಂ3358 ಪ್ರೊಸೆಸರ್‌ನ ಒಳಗೆ, ಕಾರ್ಖಾನೆಯಲ್ಲೇ ಕೆತ್ತಿಟ್ಟ ಬೂಟ್ ರೋಮ್ (ಆರ್‌ಒಎಂ, ಓದಲು ಮಾತ್ರ ಆಗುವ ಸ್ಮೃತಿ) ಇದೆ. ಡಿಡಿಯಿಂದಾಗಲಿ ಇನ್ನೊಂದರಿಂದಾಗಲಿ ಅದನ್ನು ಅಳಿಸಲು ಸಾಧ್ಯವಿಲ್ಲ. ಪವರ್ ಬಂದಾಗ ಅದು ಮೊದಲು ಇಎಂಎಂಸಿಯಲ್ಲಿ, ಆಮೇಲೆ ಎಸ್‌ಡಿ ಕಾರ್ಡಿನಲ್ಲಿ ಎಂಎಲ್‌ಒ ಹುಡುಕುತ್ತದೆ. ಎಂಎಲ್‌ಒ ಎಂದರೆ ಯು-ಬೂಟನ್ನು ಎಬ್ಬಿಸುವ ಮೊದಲ ಹಂತದ ಪುಟ್ಟ ಬೂಟ್‌ಲೋಡರ್. ಎರಡೂ ಕಡೆ ಸಿಗದಿದ್ದರೆ ಸೀರಿಯಲ್ ಪೋರ್ಟಿಗೆ ಬಂದು, "ಎಕ್ಸ್‌ಮೋಡೆಮ್ (ಸೀರಿಯಲ್‌ನಲ್ಲಿ ಕಡತ ಕಳಿಸುವ ವಿಧಾನ) ಮೂಲಕ ಕಳಿಸಿ, ಕಾಯುತ್ತಿದ್ದೇನೆ" ಎಂದು ಆ 'ಸಿ' ಅಕ್ಷರ ಕಳಿಸುತ್ತಿರುತ್ತದೆ. ಅಂದರೆ ಪ್ರೊಸೆಸರ್‌ಗೆ ಜೀವವಿದೆ, ಪವರ್ ಸರಿಯಿದೆ, ಕೇಬಲ್ ಜೋಡಣೆಯೂ ಸರಿಯಿದೆ.

ನಡೆದದ್ದು ಇಷ್ಟು. ಇಎಂಎಂಸಿಯ ಆರಂಭದಿಂದ ಎಣಿಸಿದರೆ ಎಂಎಲ್‌ಒ ಶುರುವಾಗಬೇಕಾದ ಜಾಗ 128 ಕೆಬಿ, ಯು-ಬೂಟ್ ಶುರುವಾಗಬೇಕಾದ ಜಾಗ 384 ಕೆಬಿ. ಡಿಡಿಯಲ್ಲಿ ಬಿಎಸ್ (ಒಂದು ಬ್ಲಾಕಿನ ಗಾತ್ರ) ಮತ್ತು ಸೀಕ್ ಎರಡನ್ನೂ ಗುಣಿಸಿದರೆ ಬರವಣಿಗೆ ಶುರುವಾಗುವ ಜಾಗ ಸಿಗುತ್ತದೆ. ಬಿಎಸ್ 384 ಕೆಬಿ, ಸೀಕ್ 1 ಎಂದು ಕೊಡುವುದು ಅದಕ್ಕಾಗಿಯೇ. ನೀವು ಸೀಕ್ ಬಿಟ್ಟದ್ದರಿಂದ ಯು-ಬೂಟ್ ಸೊನ್ನೆಯಲ್ಲಿ ಕುಳಿತು, ಮೊದಲ ಸೆಕ್ಟರಿನ ಪಾರ್ಟಿಷನ್ ಟೇಬಲನ್ನೂ (ಯಾವ ಭಾಗ ಎಲ್ಲಿ ಶುರುವಾಗುತ್ತದೆಂಬ ಪಟ್ಟಿ) ಎಂಎಲ್‌ಒವನ್ನೂ ತುಳಿದುಹಾಕಿತು. ಆದರೆ ನಿಮ್ಮ ಕಡತಗಳಿರುವ ಪಾರ್ಟಿಷನ್ 1 ಎಂಬಿ ಅಥವಾ 4 ಎಂಬಿಯಿಂದ ಶುರುವಾಗುತ್ತದೆ. ನೀವು ಬರೆದ ಯು-ಬೂಟ್ ಕಡತ 1 ಎಂಬಿಗಿಂತ ಚಿಕ್ಕದಿದ್ದರೆ ಆ ಪಾರ್ಟಿಷನ್ ಹಾಗೇ ಇದೆ. ಅಲ್ಲಿಗೆ ಹೋಗುವ ದಾರಿ ತೋರಿಸುವ ಟೇಬಲ್ ಮಾತ್ರ ಇಲ್ಲ.

ಈಗ ಬೇರೊಂದು ಎಸ್‌ಡಿ ಕಾರ್ಡಿಗೆ ಫ್ಲ್ಯಾಶರ್ ಅಲ್ಲದ ಡೆಬಿಯನ್ ಇಮೇಜ್ ಬರೆಯಿರಿ. ಯುಎಸ್‌ಬಿ ಮತ್ತು 5 ವೋಲ್ಟ್ ಎರಡನ್ನೂ ಕಿತ್ತು, ಎಸ್‌ಡಿ ಕಾರ್ಡಿನ ಮೇಲ್ಭಾಗದಲ್ಲಿರುವ ಎಸ್2 ಗುಂಡಿ ಒತ್ತಿ ಹಿಡಿದು ಪವರ್ ಕೊಡಿ. ದೀಪಗಳು ಹತ್ತಿದ ಮೇಲೆ ಬಿಡಿ. ರೀಸೆಟ್ ಒತ್ತಿದರೆ ಸಾಲದು, ಆ ಗುಂಡಿಯ ಸ್ಥಿತಿಯನ್ನು ಚಿಪ್ ಓದುವುದು ಪವರ್ ಬರುವ ಕ್ಷಣದಲ್ಲಿ ಮಾತ್ರ.

ಲಾಗಿನ್ ಆದ ಮೇಲೆ ಇಎಂಎಂಸಿ ಯಾವುದೆಂದು ಖಚಿತಪಡಿಸಿಕೊಳ್ಳಿ. ಸಾಮಾನ್ಯವಾಗಿ ಅದು ಎಂಎಂಸಿ ಬ್ಲಾಕ್ 1, ಆದರೂ ಸಂಖ್ಯೆಯನ್ನು ನಂಬಬೇಡಿ. ಯಾವುದರ ಹೆಸರಿನ ಮುಂದೆ ಬೂಟ್0, ಬೂಟ್1 ಎಂಬ ಎರಡು ಮರಿ ಸಾಧನಗಳು ಕಾಣುತ್ತವೆಯೋ ಅದೇ ಇಎಂಎಂಸಿ. ಎಸ್‌ಡಿ ಕಾರ್ಡಿಗೆ ಅವು ಇರುವುದಿಲ್ಲ. ಬೋರ್ಡಿಗೆ ಪೆನ್‌ಡ್ರೈವ್ ಹಾಕಿ ಇಡೀ ಇಎಂಎಂಸಿಯ ಪ್ರತಿ ತೆಗೆಯಿರಿ. ಅದು ಮುಗಿಯುವವರೆಗೆ ಇಎಂಎಂಸಿಗೆ ಒಂದು ಬೈಟನ್ನೂ ಬರೆಯಬೇಡಿ.

ಮುಂದಿನ ಹುಡುಕಾಟವೆಲ್ಲ ಆ ಪ್ರತಿಯಲ್ಲಿ ನಡೆಯಲಿ. ನಿಮ್ಮ ಪಾರ್ಟಿಷನ್ ಎಕ್ಸ್ಟ್4 ಎಂಬ ಲಿನಕ್ಸ್ ಕಡತವ್ಯವಸ್ಥೆಯದಾಗಿದ್ದರೆ, ಅದು ಶುರುವಾದ ಜಾಗದಿಂದ 1080 ಬೈಟ್ ಮುಂದೆ ಅದರ ಗುರುತು ಇರುತ್ತದೆ. ಕಡತದ ಬೈಟುಗಳನ್ನು ತೋರಿಸುವ ಹೆಕ್ಸ್‌ಡಂಪ್ ಆಜ್ಞೆ ಬೈಟ್ ಬೈಟಾಗಿ ತೋರಿಸಿದರೆ ಅದು 53 ಇಎಫ್ ಎಂದು ಕಾಣುತ್ತದೆ. 1 ಎಂಬಿ ಮತ್ತು 4 ಎಂಬಿ, ಎರಡೂ ಜಾಗಕ್ಕೆ 1080 ಕೂಡಿಸಿ ನೋಡಿ. ಸಿಕ್ಕ ಜಾಗವನ್ನು ಆಫ್‌ಸೆಟ್ ಆಗಿ ಕೊಟ್ಟು, ಪ್ರತಿಯನ್ನು ಓದಲು ಮಾತ್ರ ಎಂಬಂತೆ ಮೌಂಟ್ ಮಾಡಿ.

ಮರುಪ್ರಶ್ನೆ

ಮೇಡಂ, 4 ಎಂಬಿಯಲ್ಲಿ 53 ಇಎಫ್ ಸಿಕ್ಕಿತು! ಆಫ್‌ಸೆಟ್ 4194304 ಕೊಟ್ಟು ಮೌಂಟ್ ಮಾಡಿದೆ, ಅಳತೆಯ ಕಡತಗಳೆಲ್ಲ ಇವೆ, ಲ್ಯಾಪ್‌ಟಾಪಿಗೆ ತೆಗೆದುಕೊಂಡೆ. ಈಗ ಬೋರ್ಡನ್ನೇ ಸರಿಮಾಡೋಣವೆಂದು ಪಾರ್ಟಿಷನ್ ಮಾಡುವ ಎಫ್‌ಡಿಸ್ಕ್‌ನಲ್ಲಿ 8192ನೇ ಸೆಕ್ಟರಿನಿಂದ (ಅದೇ 4 ಎಂಬಿ) ಪಾರ್ಟಿಷನ್ ಮಾಡಿದೆ. ಇದರಲ್ಲಿ ಎಕ್ಸ್ಟ್4 ಗುರುತು ಇದೆ, ತೆಗೆಯಲೇ ಎಂದು ಕೇಳುತ್ತಿದೆ. ಭಯವಾಗಿ ಹಾಗೇ ಬಿಟ್ಟು ಬಂದಿದ್ದೇನೆ.

ಉತ್ತರ

ಕೈ ತಡೆದದ್ದು ತುಂಬ ಒಳ್ಳೆಯದಾಯಿತು. ಬೇಡ ಎಂದು ಉತ್ತರಿಸಿ. ನಾವು ಉಳಿಸಿಕೊಳ್ಳಲು ಒದ್ದಾಡುತ್ತಿರುವುದು ಆ ಗುರುತನ್ನೇ. ಹೌದು ಎಂದು ಒತ್ತಿ ಟೇಬಲ್ ಬರೆದಿದ್ದರೆ ಆ 53 ಇಎಫ್ ಅಳಿಸಿಹೋಗಿ ಮೌಂಟ್ ಆಗುತ್ತಿರಲಿಲ್ಲ.

ಪಾರ್ಟಿಷನ್ 8192ರಿಂದ ಕೊನೆಯವರೆಗೆ, ಬಗೆ ಲಿನಕ್ಸ್. ಬೂಟ್ ಮಾಡಬಲ್ಲದ್ದು ಎಂಬ ನಕ್ಷತ್ರ ಚಿಹ್ನೆಯನ್ನೂ ಹಾಕಿ ಟೇಬಲ್ ಬರೆಯಿರಿ. ಆಮೇಲೆ ಎಂಎಲ್‌ಒವನ್ನು 128 ಕೆಬಿಗೆ, ಯು-ಬೂಟನ್ನು 384 ಕೆಬಿಗೆ. ಎರಡೂ ಒಂದೇ ಸಲ ಕಟ್ಟಿದ ಜೋಡಿಯಾಗಿರಲಿ. ಹಳೆಯ ಎಂಎಲ್‌ಒ, ಹೊಸ ಯು-ಬೂಟ್ ಬೆರಸಬೇಡಿ. ಸಿಂಕ್ ಕೊಟ್ಟು, ಬೋರ್ಡನ್ನು ಕ್ರಮವಾಗಿ ಆಫ್ ಮಾಡಿ, ಕಾರ್ಡ್ ತೆಗೆದು ಪವರ್ ಕೊಡಿ. ಸೀರಿಯಲ್‌ನಲ್ಲಿ ಮೊದಲು ಯು-ಬೂಟ್ ಎಸ್‌ಪಿಎಲ್ ಎಂಬ ಸಾಲು (ಎಂಎಲ್‌ಒದಲ್ಲಿರುವ ಮೊದಲ ಹಂತದ ಹೆಸರೇ ಎಸ್‌ಪಿಎಲ್), ಅದರ ಹಿಂದೆಯೇ ಯು-ಬೂಟ್ ಎಂಬ ಸಾಲು ಬರಬೇಕು. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ 384 ಕೆಬಿಯಲ್ಲಿ ತಪ್ಪಿದೆ, ಎರಡೂ ಬರದೆ ಮತ್ತೆ 'ಸಿ' ಬಂದರೆ 128 ಕೆಬಿಯಲ್ಲಿ.

ಇನ್ನೊಬ್ಬರ ಪ್ರಶ್ನೆ

ಮೇಡಂ, ನನ್ನ ಬೋರ್ಡಿನಲ್ಲಿ 'ಸಿ' ಕೂಡ ಬರುವುದಿಲ್ಲ. ಪವರ್ ದೀಪ ಒಮ್ಮೆ ಮಿಂಚಿ ಆರಿಹೋಗುತ್ತದೆ. ಇದೇ ದಾರಿ ಹಿಡಿಯಲೇ?

ಉತ್ತರ

ನಿಮ್ಮದು ಬೂಟ್‌ಲೋಡರ್ ತೊಂದರೆಯಲ್ಲ. ಬೋರ್ಡಿನ ಪವರ್ ನೋಡಿಕೊಳ್ಳುವ ಚಿಪ್ ಎಲ್ಲೋ ದೋಷ ಕಂಡು ತಾನೇ ಮುಚ್ಚಿಕೊಳ್ಳುತ್ತಿರಬಹುದು. ಜೋಡಿಸಿದ್ದನ್ನೆಲ್ಲ ಬಿಚ್ಚಿ, ಬೇರೆ ಅಡಾಪ್ಟರ್‌ನಿಂದ ಬರೀ ಬೋರ್ಡಿಗೆ ಪವರ್ ಕೊಟ್ಟು ನೋಡಿ. ಆಗಲೂ ಹಾಗೇ ಆದರೆ ಮಲ್ಟಿಮೀಟರ್ ಹಿಡಿದು 3.3 ವೋಲ್ಟ್ ಮತ್ತು ಗ್ರೌಂಡ್ ನಡುವೆ ಶಾರ್ಟ್ ಇದೆಯೇ ಎಂದು ಪರೀಕ್ಷಿಸಿ.

ಮೊದಲು ಕೇಳಿದವರು

ಮೇಡಂ, ಎರಡೂ ಸಾಲು ಬಂದವು, ಲಾಗಿನ್ ಕೂಡ ಬಂತು. ತುಂಬ ಧನ್ಯವಾದ. ಒಂದು ಸಂದೇಹ: ಎಸ್‌ಡಿ ಕಾರ್ಡೇ ಇಲ್ಲದಿದ್ದರೆ ಆ 'ಸಿ'ಗೆ ನೇರವಾಗಿ ಉತ್ತರ ಕೊಡಬಹುದಿತ್ತೇ?

ಉತ್ತರ

ಖಂಡಿತ. ಎಸ್‌ಪಿಎಲ್‌ನ ಬಿನ್ ಕಡತವನ್ನು ಎಕ್ಸ್‌ಮೋಡೆಮ್‌ನಲ್ಲಿ ಕಳಿಸಬೇಕು. ಅದು ಚಿಪ್ಪಿನ ಒಳಗಿನ 109 ಕೆಬಿ ಜಾಗದಲ್ಲಿ ಹಿಡಿಸಬೇಕು. ಅದು ಓಡಿದ ಮೇಲೆ ಮತ್ತೆ 'ಸಿ' ಬರುತ್ತದೆ, ಆಗ ಯು-ಬೂಟ್ ಇಮೇಜನ್ನು ವೈಮೋಡೆಮ್ ಎಂಬ ಅಂಥದೇ ಇನ್ನೊಂದು ವಿಧಾನದಲ್ಲಿ ಕಳಿಸಿ. ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 11 ಕೆಬಿಯಷ್ಟೇ ಹೋಗುವುದರಿಂದ ಒಂದೆರಡು ನಿಮಿಷ ಹಿಡಿಯುತ್ತದೆ. ಬಿಡುವಾದಾಗ ಒಮ್ಮೆ ಮಾಡಿ ನೋಡಿ, ಎಲ್ಲಿ ಸಿಕ್ಕಿಕೊಂಡರೂ ಇಲ್ಲೇ ಬರೆಯಿರಿ.