ಹಳೇ ರೈಫಲ್ ನಳಿಗೆಯೊಳಗೆ ತುಕ್ಕು: ಅನುಭವ ಇದ್ದವರು ಹೇಳಿ

ಪ್ರಶ್ನೆ, ಹೆಬ್ರಿಯಿಂದ

ಅಜ್ಜನ ಕಾಲದ .315 ರೈಫಲ್ ಮನೆಯಲ್ಲಿ ಉಂಟು, ಇಶಾಪುರ್ ಕಾರ್ಖಾನೆಯದ್ದು. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಆಗುವವರೆಗೆ ಕೋವಿ ಠಾಣೆಯಲ್ಲಿ ಠೇವಣಿ ಇತ್ತು. ಅಲ್ಲೇ ಇಡೀ ಮಳೆಗಾಲ ಕಳೆಯಿತು. ಈಗ ಮನೆಗೆ ತಂದು ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಜಾರು ಭಾಗ) ತೆಗೆದು ಟಾರ್ಚ್ ಹಿಡಿದರೆ ನಳಿಗೆಯ ಒಳಗೆಲ್ಲ ಕಂದು ಬಣ್ಣ. ಬಟ್ಟೆ ಹಾಕಿ ಎಳೆದರೆ ಕೆಂಪು ಪುಡಿ ಬರುತ್ತದೆ. ಒಬ್ಬರು ಹುಣಸೆಹುಳಿ ನೀರು ಹಾಕು ಅಂತಾರೆ, ಇನ್ನೊಬ್ಬರು ಮರಳುಕಾಗದ ಸುತ್ತಿ ತಿಕ್ಕು ಅಂತಾರೆ. ತೋಟಕ್ಕೆ ಹಂದಿ ಕಾಟ ಜಾಸ್ತಿ ಆಗಿದೆ, ಆದರೂ ಅವಸರ ಮಾಡಿ ಅಜ್ಜನ ಕೋವಿ ಹಾಳು ಮಾಡುವ ಮನಸ್ಸಿಲ್ಲ. ಎಂತ ಮಾಡಬೇಕು?

ಉತ್ತರ, ಉಡುಪಿಯಿಂದ

ಮರಳುಕಾಗದವನ್ನು ಹತ್ತಿರವೂ ತರಬೇಡಿ. ತುಕ್ಕು ಹೋಗುವಾಗ ಒಳಗಿನ ಸುರುಳಿ ಗೆರೆಗಳ ಅಂಚೂ ಹೋಗುತ್ತದೆ. ಗುಂಡನ್ನು ತಿರುಗಿಸಿ ನೇರ ಕಳಿಸುವುದೇ ಆ ಅಂಚು. ಅದು ಸವೆದರೆ ಮತ್ತೆ ಬರುವುದಿಲ್ಲ.

ನಾನು ಸೈನ್ಯದ ಯಂತ್ರ ದುರಸ್ತಿ ವಿಭಾಗ ಇಎಂಇಯಲ್ಲಿ ಆರ್ಮರರ್, ಅಂದರೆ ಕೋವಿ ದುರಸ್ತಿಯವನು, ಆಗಿದ್ದವನು. ನಿಮ್ಮ ರೈಫಲ್‌ನ ಮೈ ಮತ್ತು ಬೋಲ್ಟ್ ಬ್ರಿಟಿಷರ ಕಾಲದ ಸೈನ್ಯದ .303 ರೈಫಲ್ ಆದ ಹಳೇ ಲೀ-ಎನ್‌ಫೀಲ್ಡಿನ ಮಾದರಿಯದ್ದೇ. ಸೈನ್ಯದ .303 ನಮ್ಮಲ್ಲಿ ನಾಗರಿಕರಿಗೆ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ). ಹಾಗಾಗಿ ಅದೇ ಮೈಗೆ .315 ನಳಿಗೆ ಕೂಡಿಸಿ ಲೈಸೆನ್ಸ್‌ದಾರರಿಗೆ ಮಾರಿದರು. ಅಂದರೆ ಸೈನ್ಯದಲ್ಲಿ .303ಕ್ಕೆ ಮಾಡುತ್ತಿದ್ದ ಕ್ರಮವೇ ನಿಮ್ಮದಕ್ಕೂ ಸಾಕು.

ಮೊದಲ ಕೆಲಸ: ಮ್ಯಾಗಜೀನ್ (ತೋಟೆ ತುಂಬುವ ಡಬ್ಬಿ) ಬಿಚ್ಚಿ, ಬೋಲ್ಟ್ ಹೊರಗೆ ತೆಗೆದು, ಚೇಂಬರಿಗೆ, ಅಂದರೆ ನಳಿಗೆಯ ಹಿಂಬದಿ ತೋಟೆ ಕೂರುವ ಜಾಗಕ್ಕೆ, ಬೆರಳು ಹಾಕಿ ತೋಟೆ ಇಲ್ಲ ಅಂತ ನೋಡಿಕೊಳ್ಳಿ. ಕಣ್ಣಿಗೆ ಕಂಡದ್ದು ಸಾಲದು, ಬೆರಳು ಹಾಕಲೇಬೇಕು. ಆ ಬೋಲ್ಟನ್ನು ಬೇರೆ ಕೋವಿಯ ಬೋಲ್ಟ್ ಜೊತೆ ಬೆರೆಸಬೇಡಿ. ಪ್ರತಿ ರೈಫಲ್‌ಗೂ ಅದರದ್ದೇ ಬೋಲ್ಟ್ ಕೂಡಿಸಿರುತ್ತಾರೆ, ನಂಬರ್ ಕೂಡ ಹೊಡೆದಿರುತ್ತಾರೆ.

ಎರಡನೆಯದು ಕುದಿಯುವ ನೀರು. ತುಕ್ಕಿಗೆ ನೀರಾ ಅಂತ ಹೌಹಾರಬೇಡಿ. ಹಳೇ ತೋಟೆಗಳ ಪ್ರೈಮರಿನಲ್ಲಿ (ಹಿಂಬದಿಯ ಕಿಡಿ ಮದ್ದಿನಲ್ಲಿ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಈಡು ಬಿಟ್ಟ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪಾಗಿ ನಳಿಗೆಯೊಳಗೆ ಕೂರುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಆ ಉಪ್ಪು ತೇವ ಎಳೆಯುತ್ತಲೇ ಇರುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಎಷ್ಟು ಎಣ್ಣೆ ಹಾಕಿದರೂ ಅಡಿಯಲ್ಲಿ ತುಕ್ಕು ಏಳುವುದು ಅದಕ್ಕೇ. ನೀರಿಗಾದರೆ ಕರಗಿ ಹೋಗುತ್ತದೆ. ನಳಿಗೆಯ ಬಾಯಿ ಕೆಳಗೆ ಮಾಡಿ, ಚೇಂಬರ್ ಕಡೆಯಿಂದ ಉದ್ದ ಕೊಳವೆಯ ಆಲಿಕೆ ಇಟ್ಟು ನಿಧಾನ ಸುರಿಯಿರಿ. ಮರದ ಭಾಗಕ್ಕೆ ನೀರು ಇಳಿಯದ ಹಾಗೆ ಬಟ್ಟೆ ಸುತ್ತಿ. ನಳಿಗೆ ಮುಟ್ಟಲಾಗದಷ್ಟು ಬಿಸಿ ಆದರೆ ಒಳ್ಳೆಯದೇ, ಆ ಕಾವಿಗೆ ತಾನೇ ಒಣಗುತ್ತದೆ. ಕೂಡಲೇ ಒಣ ಬಟ್ಟೆ ಹಾಯಿಸಿ.

ಇನ್ನು ನೆನೆಸುವುದು. ಬಾಯಿಗೆ ರಬ್ಬರ್ ಬಿರಡೆ ಬಿಗಿಯಾಗಿ ಹಾಕಿ, ಚೇಂಬರ್ ಮೇಲೆ ಬರುವ ಹಾಗೆ ನಿಲ್ಲಿಸಿ, ಸೀಮೆಎಣ್ಣೆಗೆ ಸ್ವಲ್ಪ ತೆಳು ಇಂಜಿನ್ ಆಯಿಲ್ ಸೇರಿಸಿ ತುಂಬಿಸಿ. ಡಬ್ಲ್ಯುಡಿ-40 ಆದರೂ ನಡೆಯುತ್ತದೆ, ಖರ್ಚು ಜಾಸ್ತಿ ಅಷ್ಟೆ. ಒಂದು ರಾತ್ರಿ ಬಿಡಿ. ಕೆಲಸದ ಮುಕ್ಕಾಲು ಪಾಲು ಎಣ್ಣೆಯೇ ಮಾಡುತ್ತದೆ, ನಮ್ಮ ಕೈಯಲ್ಲ.

ಬೆಳಿಗ್ಗೆ ಎಣ್ಣೆ ಖಾಲಿ ಮಾಡಿ ಕಂಚಿನ ಬ್ರಷ್ ಹಾಕಿ. ಉಕ್ಕಿನ ಬ್ರಷ್ ಬೇಡ. ಬ್ರಷ್ಷನ್ನು ಚೇಂಬರ್ ಕಡೆಯಿಂದ ತೂರಿಸಿ ಪೂರ್ತಿ ಆಚೆ ಬರುವವರೆಗೆ ತಳ್ಳಿ, ಆಮೇಲೆ ಹಿಂದಕ್ಕೆ ಎಳೆಯಿರಿ. ಮಧ್ಯದಲ್ಲೇ ದಿಕ್ಕು ಬದಲಿಸಿದರೆ ಬ್ರಷ್ ಸಿಕ್ಕಿಕೊಳ್ಳುತ್ತದೆ. ಪುಲ್‌ಥ್ರೂ ಹಗ್ಗ (ಬಟ್ಟೆ ಕಟ್ಟಿ ನಳಿಗೆಯೊಳಗೆ ಎಳೆಯುವ ಹಗ್ಗ) ಇದ್ದರೆ ನಳಿಗೆಯ ನೇರಕ್ಕೇ ಎಳೆಯಿರಿ. ಓರೆಯಾಗಿ ಎಳೆದೆಳೆದು ಬಾಯಿಯ ಒಂದು ಬದಿ ತೋಡಿದಂತೆ ಸವೆದ ರೈಫಲ್‌ಗಳು ಎಷ್ಟೋ ನನ್ನ ಕೈಯಲ್ಲಿ ಹಾದುಹೋಗಿವೆ. ನೋಡಲು ಒಳಗೆಲ್ಲ ಫಳಫಳ, ಗುಂಡು ಮಾತ್ರ ಎಲ್ಲೋ.

ಪ್ರತಿ ಸಲ ಹೊರಬರುವ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಮೊದಲು ಇಟ್ಟಿಗೆ ಕೆಂಪು, ಆಮೇಲೆ ಕಾಫಿ ಬಣ್ಣ, ಕೊನೆಗೆ ಬೂದು. ಕೆಂಪು ಇರುವವರೆಗೆ ಮತ್ತೆ ನೆನೆಸಿ, ಮತ್ತೆ ಬ್ರಷ್ ಮಾಡಿ. ಬೂದು ಬಂದ ಮೇಲೆ ನಿಲ್ಲಿಸಿ. ನಳಿಗೆ ಒಳಗೆ ಕಪ್ಪಾಗಿ ಕಂಡರೂ ನಿಲ್ಲಿಸಿ. ಆ ಕಪ್ಪು ಬೆಳೆಯುವ ತುಕ್ಕಲ್ಲ. ಬಿಸಿ ನೀರಿಗೆ ಕೆಂಪು ತುಕ್ಕೇ ಗಟ್ಟಿ ಕಪ್ಪಾಗಿ ತಿರುಗುವುದೂ ಉಂಟು. ಅದು ಕೂತಲ್ಲೇ ಕೂತಿರುತ್ತದೆ, ಲೋಹವನ್ನು ತಿನ್ನುವುದಿಲ್ಲ.

ಉತ್ತರ, ಮಲ್ಪೆಯಿಂದ

ನಾನು ದೋಣಿ ಇಂಜಿನ್ ಕೆಲಸದವನು, ಉಪ್ಪುನೀರಿನ ತುಕ್ಕು ದಿನಾ ನೋಡುತ್ತೇನೆ. ಆಟೋಮ್ಯಾಟಿಕ್ ಗೇರಿನ ಎಣ್ಣೆ ಮತ್ತು ಅಸಿಟೋನ್ ಸಮ ಸಮ ಬೆರೆಸಿದರೆ ಹಿಡಿದು ಕೂತ ತುಕ್ಕಿನೊಳಗೆ ಚೆನ್ನಾಗಿ ಇಳಿಯುತ್ತದೆ. ಆದರೆ ಅಸಿಟೋನ್ ಮರದ ಪಾಲಿಶ್ ತೆಗೆಯುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಒಲೆ, ಬೀಡಿ ಯಾವುದೂ ಹತ್ತಿರ ಬೇಡ.

ಸೋಡಾ ನೀರಿನಲ್ಲಿ ಕರೆಂಟ್ ಹಾಯಿಸಿ ತುಕ್ಕು ತೆಗೆಯುವ ಕ್ರಮವೂ ಉಂಟು. ಬಟ್ಟೆ ಸೋಡಾ ಕರಗಿಸಿದ ನೀರು ನಳಿಗೆಯೊಳಗೆ, ನಡುವೆ ಗೋಡೆಗೆ ತಾಗದ ಹಾಗೆ ಒಂದು ಮಾಮೂಲಿ ಕಬ್ಬಿಣದ ಸರಳು. ಬ್ಯಾಟರಿಯ ಮೈನಸ್ ನಳಿಗೆಗೆ, ಪ್ಲಸ್ ಸರಳಿಗೆ. ಇದು ಅದಲು ಬದಲಾದರೆ ನಳಿಗೆಯೇ ಕರಗುತ್ತದೆ. ಸ್ಟೇನ್‌ಲೆಸ್ ಸರಳು ಹಾಕಬೇಡಿ, ಕ್ರೋಮಿಯಂ ವಿಷ ನೀರಿಗೆ ಬಿಡುತ್ತದೆ. ಹೈಡ್ರೋಜನ್ ಏಳುವ ಕಾರಣ ಅಂಗಳದಲ್ಲೇ ಮಾಡಬೇಕು. ಹಳೇ ಲಂಗರು, ಸಂಕಲೆಗೆ ಇದನ್ನು ಖುಷಿಯಿಂದ ಮಾಡುತ್ತೇನೆ. ಕೋವಿಗೆ ಮಾತ್ರ, ಎಣ್ಣೆಯಿಂದ ಆಗಲೇ ಇಲ್ಲ ಅಂದರೆ ನೋಡಿ.

ಉತ್ತರ, ಕಾರ್ಕಳದಿಂದ

ಹುಣಸೆಹುಳಿ ದೇವರ ದೀಪ ತೊಳೆಯಲಿಕ್ಕೆ ಸರಿ, ಕೋವಿಗೆ ಬೇಡ. ಹುಳಿ ಯಾವುದೇ ಇರಲಿ, ತುಕ್ಕಿನ ಜೊತೆ ನಳಿಗೆಯ ಮೇಲಿನ ಕಡುನೀಲಿ ಬಣ್ಣವನ್ನೂ ಎಬ್ಬಿಸುತ್ತದೆ. ತೊಳೆದು ಒಣಗಿಸುವಷ್ಟರಲ್ಲಿ ಬರೀ ಲೋಹಕ್ಕೆ ಹೊಸ ತುಕ್ಕು ಹಿಡಿಯುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಅಂತೂ ಕೇಳಲೇಬೇಡಿ.

ನಮ್ಮ ಮನೆಯಲ್ಲಿ ಇರುವುದು .410 ಮಸ್ಕೆಟ್. ಅದೂ ಸೈನ್ಯದ .303ವನ್ನೇ ಕೊರೆದು ಗೆರೆ ಇಲ್ಲದ ನಯ ನಳಿಗೆ ಮಾಡಿದ್ದು. ಒಳಗೆ ಸಿಡುಬಿನ ಕಲೆಯ ಹಾಗೆ ಗುಳಿ ಬಿದ್ದಿದೆ, ಆದರೂ ಕೆಲಸಕ್ಕೆ ಎಂದೂ ತೊಂದರೆ ಆಗಿಲ್ಲ. ಬರೀ ಗುಳಿ ಕಂಡು ಹೆದರಬೇಡಿ ಮಾರಾಯ್ರೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಉಪಕಾರ ಆಯಿತು. ಬಿಸಿ ನೀರು, ಸೀಮೆಎಣ್ಣೆ, ಕಂಚಿನ ಬ್ರಷ್ ಅಷ್ಟರಲ್ಲೇ ಕೆಂಪು ಹೋಯಿತು. ಗೆರೆಗಳು ಚೆನ್ನಾಗಿ ಕಾಣುತ್ತವೆ. ಆದರೆ ಬಾಯಿಯಿಂದ ಒಂದು ಗೇಣು ಒಳಗೆ ಸುತ್ತಲೂ ಕಪ್ಪು ಉಂಗುರದ ಹಾಗೆ ಒಂದು ಗುರುತು ಉಂಟು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಇದೂ ತುಕ್ಕೇ ಅಲ್ವಾ?

ಉತ್ತರ, ಉಡುಪಿಯಿಂದ

ತಿಕ್ಕುವುದನ್ನು ನಿಲ್ಲಿಸಿ. ಅದು ತುಕ್ಕು ಆಗಿರಲಿಕ್ಕಿಲ್ಲ. ಬಿಗಿಯಾದ ಬಟ್ಟೆ ತುಂಡನ್ನು ಸರಳಿನಲ್ಲಿ ನಿಧಾನ ತಳ್ಳಿ. ಆ ಜಾಗಕ್ಕೆ ಬಂದಾಗ ಸರಳು ಒಮ್ಮೆಲೇ ಸಡಿಲವಾಗಿ ಜಾರಿ, ದಾಟಿದ ಮೇಲೆ ಮತ್ತೆ ಬಿಗಿಯಾದರೆ ನಳಿಗೆ ಅಲ್ಲಿ ಉಬ್ಬಿದೆ ಅಂತ ಅರ್ಥ. ಹೊರಗಿನಿಂದಲೂ ಬೆರಳು ಸವರಿ ನೋಡಿ. ಸ್ಟೀಲ್ ಸ್ಕೇಲನ್ನು ಉದ್ದಕ್ಕೆ ಇಟ್ಟು ಹಿಂದಿನಿಂದ ಬೆಳಕು ಬಿಟ್ಟರೆ ಸಣ್ಣ ಉಬ್ಬೂ ಗೊತ್ತಾಗುತ್ತದೆ. ನಳಿಗೆಯೊಳಗೆ ಬಟ್ಟೆ, ಮಣ್ಣು, ದಪ್ಪ ಗ್ರೀಸ್ ಹೀಗೆ ಏನೋ ಇದ್ದಾಗ ಯಾರೋ ಯಾವತ್ತೋ ಈಡು ಬಿಟ್ಟಿರುತ್ತಾರೆ.

ಉಬ್ಬು ಇದ್ದರೆ ಆ ಕೋವಿಯಿಂದ ಈಡು ಬಿಡಬೇಡಿ. ಹಂದಿ ಎಷ್ಟೇ ಕಾಟ ಕೊಡಲಿ. ಲೈಸೆನ್ಸ್ ಇರುವ ಕೋವಿ ದುರಸ್ತಿಯವರಿಗೆ ಕಾಗದ ಸಮೇತ ತೋರಿಸಿ. ಆ ತುಂಡು ಕತ್ತರಿಸಿ ಕೊಡುತ್ತೇನೆ ಅಂತ ವೆಲ್ಡಿಂಗ್ ಶಾಪಿನವರು ಹೇಳಿಯಾರು, ಒಪ್ಪಬೇಡಿ. 1959ರ ಆಯುಧ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅದಕ್ಕೆಂದೇ ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವಂತಿಲ್ಲ.

ಉಬ್ಬಿಲ್ಲ ಅಂತ ದುರಸ್ತಿಯವರು ಹೇಳಿದರೆ ಮುಂದಿನದು ಇಡುವ ವಿಷಯ. ತೆಂಗಿನೆಣ್ಣೆ ಬೇಡ, ಕೆಲವು ತಿಂಗಳಿಗೆ ಕಮಟಾಗಿ ಅಂಟು ಹಿಡಿಯುತ್ತದೆ. ಹೊಲಿಗೆ ಮಿಷನ್ ಎಣ್ಣೆ ಅಥವಾ ಗನ್ ಆಯಿಲ್ ತೆಳ್ಳಗೆ ಸವರಿ. ಚರ್ಮದ ಚೀಲ, ಗೋಣಿ ಎರಡೂ ತೇವ ಹಿಡಿಯುತ್ತವೆ. ಬೀಗ ಹಾಕಿದ ಒಣ ಕಪಾಟಿನಲ್ಲಿ, ಬಾಯಿ ಕೆಳಗೆ ಮಾಡಿ ಇಡಿ. ಹೆಚ್ಚಾದ ಎಣ್ಣೆ ಮರಕ್ಕೆ ಇಳಿಯದೆ ಹೊರಗೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹದಿನೈದು ದಿನಕ್ಕೊಮ್ಮೆ ಬಟ್ಟೆ ಹಾಯಿಸಿ ನೋಡಿ.

ಚುನಾವಣೆಗೆ ಮತ್ತೆ ಠಾಣೆಗೆ ಕೊಡಬೇಕಾಗಿ ಬಂದರೆ ಹಿಂದಿನ ದಿನವೇ ಒಳಗೆ ಗ್ರೀಸ್ ಹಚ್ಚಿ ಕೊಡಿ. ‘ನಳಿಗೆಯಲ್ಲಿ ಗ್ರೀಸ್ ಉಂಟು’ ಅಂತ ಚೀಟಿ ಬರೆದು ಟ್ರಿಗರ್ ಹತ್ತಿರ ಕಟ್ಟಿ. ವಾಪಸ್ ತಂದ ದಿನ ಆ ಗ್ರೀಸನ್ನು ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ, ನಳಿಗೆಯ ಆಚೆ ತುದಿಯ ಬೆಳಕು ಕಂಡ ಮೇಲಷ್ಟೇ ಚೀಟಿ ಬಿಚ್ಚಿ.